ಅಟ್ಟದ ಮೇಲಿನ ಚಿನ್ನ: ಕೈ ಹಾಕೀರಿ ಜೋಕೆ!

ಹಟ್ಟಿ: ಚಿನ್ನದ ಕಷ್ಟ ಏನು ಅಂತ ಹಟ್ಟಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರಾರು ಅಡಿ ಕೆಳಗಿಳಿದು, ಕಲ್ಲು ಒಡೆದು, ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿದರೆ ಒಂದು ಟನ್ ಅದಿರಿಗೆ ಸಿಗೋದು ಕೆಲವೇ ಗ್ರಾಂ. ಅದೇ ಹಳೇ ಕಂಪ್ಯೂಟರುಗಳ ಒಳಗಿನ ಹಸಿರು ಹಲಗೆಗಳನ್ನು ಒಂದು ಟನ್ ಕೂಡಿಸಿದರೆ? 200 ಗ್ರಾಂವರೆಗೂ ಚಿನ್ನ!

ಹಾಗಂತ ಬಕೀಟು ಹಿಡಿದು ಆಸಿಡ್ ತರಲು ಓಡಬೇಡಿ. ಒಂದು ಕಂಪ್ಯೂಟರಿನಲ್ಲಿ ಇರೋದು ಗ್ರಾಮಿನ ಒಂದು ಚೂರು ಮಾತ್ರ. ಅದಕ್ಕಾಗಿ ಹಲಗೆಯನ್ನು ಆಸಿಡ್‌ಗೆ ಹಾಕಿದರೆ ಏಳುವ ಹೊಗೆ ಎದೆಗೂಡನ್ನೇ ಸುಡುತ್ತದೆ. ತಾಮ್ರದ ಆಸೆಗೆ ವೈರು ಸುಟ್ಟರೆ ಡಯಾಕ್ಸಿನ್ ಎಂಬ ವಿಷ. ಹಳೇ ಡಬ್ಬಾ ಟಿವಿ, ಮಾನಿಟರುಗಳ ಗಾಜಿನಲ್ಲಿ ಸೀಸ. ಅದು ಮಕ್ಕಳ ಮೆದುಳಿಗೇ ಪೆಟ್ಟು. ಗಣಿಯ ಸಯನೈಡ್‌ಗೆ ಕಾವಲಿದೆ, ಲೆಕ್ಕವಿದೆ. ಹಿತ್ತಲಿನ ಬಕೀಟಿಗೆ ಯಾರ ಕಾವಲು?

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇಂಥ ಕಸ ಬಿತ್ತು. ಸರಿಯಾದ ಮರುಬಳಕೆಗೆ ಹೋಗಿದ್ದಕ್ಕೆ ಲೆಕ್ಕ ಸಿಕ್ಕಿದ್ದು ನೂರಕ್ಕೆ 22 ಪಾಲಿಗೆ ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ 2024ರ ವರದಿ.

ಕಾನೂನು ಇಲ್ಲವೇ? ಇದೆ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಮಾಲು ಮಾರಿದ ಕಂಪನಿಯೇ ಅದರ ಕೊನೆಗೂ ಹೊಣೆ. ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನಮ್ಮ ರಾಜ್ಯದಲ್ಲೇ, ಬೆಂಗಳೂರು ಹತ್ತಿರದ ದಾಬಸ್‌ಪೇಟೆಯಲ್ಲಿ 'ಇ-ಪರಿಸರ' ಎಂಬ ಇಂಥ ಕಾರ್ಖಾನೆ 2005ರಲ್ಲೇ ಶುರುವಾಯಿತು.

ಆದರೆ ಒಂದು ಕಂಪ್ಯೂಟರ್ ಹೊತ್ತು ಹಟ್ಟಿಯಿಂದ ಅಲ್ಲಿಗೆ ಯಾರು ಹೋದಾರು? ಒಬ್ಬರಿಂದ ಆಗದ್ದು ಊರಿನಿಂದ ಆದೀತು. ಪಟ್ಟಣ ಪಂಚಾಯಿತಿ, ವರ್ತಕರು, ಗಣಿ ಕಂಪನಿ ಮೂವರೂ ಮನಸ್ಸು ಮಾಡಿ ತಿಂಗಳಿಗೊಂದು ದಿನ ಒಂದೆಡೆ ಕೂಡಿಸಿದರೆ ಲಾರಿ ಲೋಡೇ ಆದೀತು. ಗುಜರಿಯವರ ಹೊಟ್ಟೆ ಮೇಲೆ ಹೊಡೀಬೇಕಾಗಿಲ್ಲ. ಮನೆ ಮನೆ ಸುತ್ತಿ ಕೂಡಿಸೋರು ಅವರೇ ಇರಲಿ. ಒಡೆಯೋದು, ಸುಡೋದು ಮಾತ್ರ ಬೇಡ. ಸಾಮಾನು ಇಡಿಯಾಗಿ ನೋಂದಾಯಿತ ಕಾರ್ಖಾನೆ ಸೇರಲಿ, ಕೂಡಿಸಿದವರಿಗೆ ನ್ಯಾಯವಾದ ರೊಕ್ಕ ಸಿಗಲಿ.

ಅಲ್ಲಿಯತನಕ ಅಂಗಡಿಕಾರರಿಗೆ ಒಂದೆರಡು ಮಾತು. ಕಂಪ್ಯೂಟರ್ ಕೊಡುವ ಮುಂಚೆ ಲೆಕ್ಕಪತ್ರ, ಬ್ಯಾಂಕ್ ವಿವರ ಪೂರಾ ಅಳಿಸಿ. ಉಬ್ಬಿದ ಮೊಬೈಲ್ ಬ್ಯಾಟರಿ ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ಹೊಸದು ಕೊಳ್ಳುವಾಗ 'ಹಳೇದು ವಾಪಸ್ ತಗೋತೀರಾ?' ಅಂತ ಬಾಯಿ ಬಿಟ್ಟು ಕೇಳಿ.

ಕೋಲಾರದ ಗಣಿ 2001ರಲ್ಲಿ ಬಾಗಿಲು ಹಾಕಿತು. ನೆಲದ ಚಿನ್ನಕ್ಕೆ ಕೊನೆಯಿದೆ. ಅಟ್ಟದ ಮೇಲಿನದು ಮಾತ್ರ ಬೆಳೆಯುತ್ತಲೇ ಇದೆ. ಚಿನ್ನದ ಬೆಲೆ ಬಲ್ಲ ಊರೇ ಮೊದಲ ಹೆಜ್ಜೆ ಇಡಬಾರದೇಕೆ? ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?