ನಡೆದ ಹೆಜ್ಜೆ ನಮ್ಮದು, ಲೆಕ್ಕ ಯಾರ ಕೈಯಲ್ಲಿ?

ಇಡುಕ್ಕಿ ಜಿಲ್ಲೆಯ ಕುಮಳಿಯಿಂದ ಘಟ್ಟವಿಳಿದರೆ ತಮಿಳುನಾಡಿನ ಕಂಬಂ ಕಣಿವೆ. ದ್ರಾಕ್ಷಿಯ ಚಪ್ಪರ, ತೆಂಗು, ಬಾಳೆ, ಗದ್ದೆ, ನೀರು ಮುಲ್ಲಪೆರಿಯಾರಿನದು. ಕಂಬಂ, ಉತ್ತಮಪಾಳಯಂ, ಬೋಡಿನಾಯಕನೂರು, ತೇನಿ, ಅಲ್ಲಿಂದ ಮುಂದಕ್ಕೆ ದಿಂಡಿಗಲ್. ಈ ಪ್ರದೇಶದಲ್ಲಿ ತಲೆತಲಾಂತರದಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳಿವೆ ಎಂಬುದು ನಮ್ಮ ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬಹುದು. ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲಿಗರು, ಅನುಪ್ಪರು, ನೇಯ್ಗೆಯ ದೇವಾಂಗರು ಇವರಲ್ಲಿ ಸೇರಿದ್ದಾರೆ. ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಓದು ಬರಹವೂ ತಮಿಳಿನಲ್ಲಿಯೇ. ಗಡಿಯ ಈಚೆಗಿರುವ ನಮಗೆ ಕನ್ನಡ ಶಾಲೆಗಳಾದರೂ ಉಂಟು; ಅವರಿಗೆ ಅದೂ ಇಲ್ಲ.

ಭಾಷೆಯ ಮಾತನ್ನು ಇನ್ನೊಮ್ಮೆ ನೋಡೋಣ. ಅವರ ಮನೆಗಳಿಗೂ ನಮ್ಮ ಮನೆಗಳಿಗೂ ಇಂದು ಸಮಾನವಾಗಿರುವ ಒಂದು ಸಣ್ಣ ತಾಪತ್ರಯದ ಕುರಿತು ಬರೆಯುವುದು ಈ ಲೇಖನದ ಉದ್ದೇಶ. ಅದು ಕೈಗೆ ಕಟ್ಟಿಕೊಳ್ಳುವ ಸ್ಮಾರ್ಟ್ ವಾಚಿನ ಲೆಕ್ಕದ ತಾಪತ್ರಯ. ಸಣ್ಣದೆಂದೆವು, ಆದರೆ ಮನೆಯಲ್ಲಿ ಹೃದ್ರೋಗಿಯೋ ಸಕ್ಕರೆ ಕಾಯಿಲೆಯವರೋ ಇದ್ದರೆ ಅದು ಅಷ್ಟು ಸಣ್ಣದಲ್ಲ.

ಕಂಬಂನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರಿಗೆ ಅರುವತ್ತು ದಾಟಿದೆ, ದ್ರಾಕ್ಷಿ ತೋಟವಿದೆ, ಎದೆನೋವು ಬಂದು ಹೋಗಿದೆ. ದಿನವೂ ನಡೆಯಬೇಕು, ನಾಡಿಯ ಮೇಲೆ ಕಣ್ಣಿಡಬೇಕು ಎಂದು ಡಾಕ್ಟರರು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಒಂದು ಕಂಪೆನಿಯ ವಾಚು ತಂದುಕೊಟ್ಟ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬ್ಯಾಟರಿ ಸೋತಿತು. ಅಷ್ಟರಲ್ಲಿ ಗಲ್ಫಿನಲ್ಲಿರುವ ಅಳಿಯ ಬೇರೊಂದು ಕಂಪೆನಿಯ ವಾಚು ಕಳುಹಿಸಿದ. ಹೊಸದು ಹಳೆಯದಕ್ಕಿಂತ ಚೆಂದ. ಆದರೆ ಅದನ್ನು ಕಟ್ಟಿದ ದಿನ ಯಜಮಾನರು ಮತ್ತೆ ಮೊದಲ ಹೆಜ್ಜೆಯಿಂದ ಶುರು ಮಾಡಬೇಕಾಯಿತು. ಎರಡು ವರ್ಷ ನಡೆದದ್ದು, ನಾಡಿ ಇಳಿಯುತ್ತ ಬಂದದ್ದು, ನಡುವೆ ಒಂದು ತಿಂಗಳು ಏರಿದ್ದು, ಇದಾವುದೂ ಹೊಸ ವಾಚಿಗೆ ಗೊತ್ತಿಲ್ಲ. ಡಾಕ್ಟರರು ಕೇಳಿದರೆ ತೋರಿಸುವುದೇನನ್ನು?

ಇಂಥ ಮನೆಗಳು ಕಾಸರಗೋಡಿನಲ್ಲಿಯೂ ಬೇಕಾದಷ್ಟಿವೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಈಗ ವಾಚು ಇಲ್ಲದಿರುವುದೇ ಅಪರೂಪ.

ಲೆಕ್ಕ ಕೂತಿರುವುದೆಲ್ಲಿ?

ವಾಚಿನೊಳಗೆ ಕೈಯ ಅಲುಗಾಟವನ್ನು ಹಿಡಿಯುವ ಒಂದು ಪುಟ್ಟ ಸಾಧನವಿದೆ. ಅಲುಗಾಟದ ತಾಳವನ್ನು ನೋಡಿ ಅದು ಹೆಜ್ಜೆ ಎಣಿಸುತ್ತದೆ. ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಗುರುತಿಸಿ ನಾಡಿಯನ್ನು ಲೆಕ್ಕ ಹಾಕುತ್ತದೆ. ಈ ಅಂಕಿಗಳು ವಾಚಿನಲ್ಲಿ ಉಳಿಯುವುದು ಕೆಲವು ದಿನ ಮಾತ್ರ. ಬ್ಲೂಟೂತಿನ ಮೂಲಕ ಅವು ಮೊಬೈಲಿನಲ್ಲಿರುವ ಅದೇ ಕಂಪೆನಿಯ ಆ್ಯಪಿಗೆ ಹೋಗುತ್ತವೆ. ಅಲ್ಲಿಂದ ಹೆಚ್ಚಾಗಿ ಇಂಟರ್ನೆಟ್ಟಿನ ಮೂಲಕ ಕಂಪೆನಿಯ ಕಂಪ್ಯೂಟರುಗಳಿಗೆ. ವಾಚು ಕೈಯಲ್ಲಿದ್ದರೂ ಲೆಕ್ಕದ ಪುಸ್ತಕ ಕಂಪೆನಿಯ ಉಗ್ರಾಣದಲ್ಲಿ ಇರುತ್ತದೆ ಎಂದು ಅರ್ಥ.

ದಿಂಡಿಗಲ್ ಬೀಗಕ್ಕೆ ಹೆಸರಾದ ಊರು. 2019ರಲ್ಲಿ ಅಲ್ಲಿನ ಬೀಗಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಒಂದರ ಕೀಲಿಕೈ ಇನ್ನೊಂದಕ್ಕೆ ತಾಗಬಾರದು. ಬೀಗಕ್ಕೆ ಅದೇ ಶೋಭೆ. ವಾಚಿನ ಕಂಪೆನಿಗಳೂ ಅದನ್ನೇ ಮಾಡಿವೆ. ಆದರೆ ಇಲ್ಲಿ ಬೀಗವೂ ಅವರದು, ಕೀಲಿಕೈಯೂ ಅವರದು. ಒಳಗಿರುವ ಸೊತ್ತು ಮಾತ್ರ ನಮ್ಮದು. ಆ್ಯಪಲ್ ವಾಚು ಐಫೋನಿನೊಂದಿಗಲ್ಲದೆ ಬೇರೆ ಫೋನಿನೊಂದಿಗೆ ಕೂಡುವುದಿಲ್ಲ. 2021ರ ನಂತರದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳು ಐಫೋನಿನೊಂದಿಗೆ ಕೂಡುವುದಿಲ್ಲ. ಗಿರಾಕಿ ಒಮ್ಮೆ ಒಳಗೆ ಬಂದರೆ ಹೊರಗೆ ಹೋಗಲು ಮನಸ್ಸು ಮಾಡಬಾರದು ಎಂಬುದು ವ್ಯಾಪಾರದ ಲೆಕ್ಕ.

ಬೋಡಿಯ ರೈಲಿನಿಂದ ಕಲಿಯಬಹುದಾದುದು

ಮದುರೆಯಿಂದ ತೇನಿಯ ಮೇಲಾಗಿ ಬೋಡಿನಾಯಕನೂರಿಗೆ ಹಿಂದೆ ಮೀಟರ್‌ಗೇಜ್ ಹಳಿಯಿತ್ತು. ಸುತ್ತಮುತ್ತ ಬ್ರಾಡ್‌ಗೇಜ್ ಆದ ಮೇಲೆ ಈ ಹಳಿಯ ಗಾಡಿ ಮದುರೆಯಿಂದಾಚೆ ಹೋಗುವಂತಿರಲಿಲ್ಲ. 2010ರ ಕೊನೆಗೆ ಹಳಿ ಬದಲಿಸಲೆಂದು ಗಾಡಿ ನಿಲ್ಲಿಸಿದರು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ ಬಂದದ್ದು 2023ರ ಜೂನಿನಲ್ಲಿ. ಹನ್ನೆರಡು ವರ್ಷ ಜನ ಬಸ್ಸನ್ನೇ ನಂಬಿದರು. ಈಗ ಬೋಡಿಯಲ್ಲಿ ಹತ್ತಿದವರು ಗಾಡಿ ಬದಲಿಸದೆ ಚೆನ್ನೈಯಲ್ಲಿ ಇಳಿಯಬಹುದು. ಹಳಿಯ ಅಗಲ ಒಂದೇ ಆದರೆ ಗಾಡಿ ಯಾರದೆಂದು ಯಾರೂ ಕೇಳುವುದಿಲ್ಲ.

ವಾಚಿನ ಲೋಕದಲ್ಲಿಯೂ ಹೀಗೆ ಹಳಿ ಕೂಡಿಸುವ ಕೆಲಸ ನಡೆದಿದೆ. ಐಫೋನಿನಲ್ಲಿ 2014ರಿಂದ ‘ಹೆಲ್ತ್’ ಎಂಬ ಆ್ಯಪ್ ಇದೆ. ಬೇರೆ ಬೇರೆ ಕಂಪೆನಿಗಳ ಆ್ಯಪುಗಳು ನಮ್ಮ ಅನುಮತಿ ಪಡೆದು ಅದರಲ್ಲಿ ಲೆಕ್ಕ ಬರೆಯಬಹುದು, ಅದರಿಂದ ಓದಬಹುದು. ಆ್ಯಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಕಂಪೆನಿ ಸ್ಯಾಮ್‌ಸಂಗಿನೊಂದಿಗೆ ಸೇರಿ 2022ರಲ್ಲಿ ‘ಹೆಲ್ತ್ ಕನೆಕ್ಟ್’ ಎಂಬುದನ್ನು ಪ್ರಕಟಿಸಿತು. 2023ರ ಆ್ಯಂಡ್ರಾಯ್ಡ್ 14ರಿಂದ ಅದು ಫೋನಿನೊಳಗೇ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಹೆಸರು ಬರೆದು ಹುಡುಕಿದರೆ ಸಿಗುತ್ತದೆ. ಲೆಕ್ಕವೆಲ್ಲ ಫೋನಿನಲ್ಲಿಯೇ ಇರುತ್ತದೆ. ಯಾವ ಆ್ಯಪ್ ಹೆಜ್ಜೆ ಓದಬೇಕು, ಯಾವುದು ನಾಡಿ ಓದಬಾರದು ಎಂಬುದನ್ನು ನಾವೇ ಗೊತ್ತುಮಾಡಬಹುದು.

ನಮ್ಮ ಕಂಬಂನ ಯಜಮಾನರು ಮಾಡಬೇಕಾದುದೂ ಇಷ್ಟೇ. ಹಳೆಯ ವಾಚು ಬದುಕಿರುವಾಗಲೇ ಅದರ ಆ್ಯಪಿಗೆ ಹೆಲ್ತ್ ಕನೆಕ್ಟಿನಲ್ಲಿ ಬರೆಯಲು ಅನುಮತಿ ಕೊಡಬೇಕು. ಹೊಸ ವಾಚಿನ ಆ್ಯಪಿಗೂ ಹಾಗೆಯೇ. ಆಗ ಎರಡರ ಲೆಕ್ಕವೂ ಒಂದೇ ಕಡೆ ಬೀಳುತ್ತದೆ.

ಆದರೆ ಮೂರು ತೊಡಕುಗಳುಂಟು. ಒಂದು, ಕಡಿಮೆ ಬೆಲೆಯ ವಾಚುಗಳ ಎಲ್ಲ ಆ್ಯಪುಗಳೂ ಈ ಹಳಿಗೆ ಬಂದಿಲ್ಲ; ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಿಕೊಳ್ಳಬೇಕು. ಎರಡು, ಹೊಸದಾಗಿ ಅನುಮತಿ ಪಡೆದ ಆ್ಯಪಿಗೆ ಸಾಮಾನ್ಯವಾಗಿ ಹಿಂದಿನ 30 ದಿನಗಳದ್ದನ್ನು ಮಾತ್ರ ಓದಲು ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಬೇರೆಯೇ ಅನುಮತಿ ಬೇಕು. ಮೂರು, ಐಫೋನಿನ ಹಳಿ ಬೇರೆ, ಆ್ಯಂಡ್ರಾಯ್ಡಿನ ಹಳಿ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಈಗಲೂ ಮದುರೆಯಲ್ಲಿಳಿದು ಗಾಡಿ ಬದಲಿಸಿದ ಹಾಗೆಯೇ.

ಎರಡು ವಾಚು, ಎರಡು ಲೆಕ್ಕ

ಒಂದೇ ಮನುಷ್ಯ ಒಂದೇ ದಾರಿಯಲ್ಲಿ ನಡೆದರೂ ಎರಡು ಕಂಪೆನಿಯ ವಾಚುಗಳು ಎರಡು ಅಂಕಿ ಹೇಳುವುದುಂಟು. ಒಂದು ಸುಳ್ಳು, ಒಂದು ಸತ್ಯ ಎಂದಲ್ಲ; ಎಣಿಸುವ ರೀತಿ ಬೇರೆ ಬೇರೆ. ಕಂಬಂ ಕಣಿವೆಯಿಂದ ಕೂಲಿಯಾಳುಗಳು ಬೆಳಗಾದರೆ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಆ ಕುಲುಕಾಟದ ದಾರಿಯಲ್ಲಿ ಸುಮ್ಮನೆ ಕುಳಿತವರ ಖಾತೆಗೂ ನಾಲ್ಕು ಹೆಜ್ಜೆ ಬೀಳಬಹುದು. ಅದೇ ತೋಟದ ಕೈಗಾಡಿ ತಳ್ಳುತ್ತ ನಡೆದವರ ಕೈ ಬೀಸದೇ ಇರುವುದರಿಂದ ನಿಜವಾದ ಹೆಜ್ಜೆಗಳು ತಪ್ಪಿಹೋಗಬಹುದು.

ಪಳನಿ ಇರುವುದು ದಿಂಡಿಗಲ್ ಜಿಲ್ಲೆಯಲ್ಲಿ. ತೈಪೂಸಕ್ಕೆ ಸಾವಿರಾರು ಮಂದಿ ಅಲ್ಲಿಗೆ ನಡೆದುಕೊಂಡೇ ಹೋಗುತ್ತಾರೆ. ದಿಂಡಿಗಲ್ಲಿನಿಂದ ಪಳನಿಗೆ ಸುಮಾರು 60 ಕಿಲೋಮೀಟರು. ಒಂದು ಹೆಜ್ಜೆಗೆ ಮುಕ್ಕಾಲು ಮೀಟರೆಂದು ಹಿಡಿದರೆ 80,000 ಹೆಜ್ಜೆ. ನೂರಕ್ಕೆ ಐದರ ವ್ಯತ್ಯಾಸವೆಂದರೂ ಎರಡು ವಾಚುಗಳ ನಡುವೆ 4,000 ಹೆಜ್ಜೆಯ ಅಂತರ ಬಿತ್ತು. ಮುರುಗನ ಸನ್ನಿಧಿಯಲ್ಲಿ ಈ ಅಂತರವನ್ನು ಯಾರೂ ಕೇಳುವುದಿಲ್ಲ. ಆದರೆ ಡಾಕ್ಟರರ ಮುಂದೆ, ಕಳೆದ ತಿಂಗಳಿಗಿಂತ ಈ ತಿಂಗಳು ನಡಿಗೆ ಕಡಿಮೆಯಾಯಿತೇ ಎಂಬ ಪ್ರಶ್ನೆ ಬಂದಾಗ, ಕಡಿಮೆಯಾದದ್ದು ನಡಿಗೆಯೋ ಅಥವಾ ವಾಚು ಬದಲಾದದ್ದೋ ಎಂದು ತಿಳಿದಿರಬೇಕು. ಆದುದರಿಂದ ಹೊಸ ವಾಚು ಬಂದಾಗ, ಹಳೆಯದಕ್ಕೆ ಜೀವವಿದ್ದರೆ, ಒಂದು ವಾರ ಎರಡನ್ನೂ ಕಟ್ಟಿಕೊಂಡು ನಡೆದು ವ್ಯತ್ಯಾಸ ಎಷ್ಟೆಂದು ಬರೆದಿಡುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಕಿಸೆಯಲ್ಲಿರುವ ಫೋನೂ ಹೆಜ್ಜೆ ಎಣಿಸುತ್ತದೆ, ಕೈಯ ವಾಚೂ ಎಣಿಸುತ್ತದೆ. ಎರಡನ್ನೂ ಕೂಡಿಸಿದರೆ ಒಬ್ಬರು ಇಬ್ಬರಾಗುತ್ತಾರೆ. ಇದನ್ನು ತಪ್ಪಿಸಲು ಹೆಲ್ತ್ ಆ್ಯಪಿನಲ್ಲಿಯೂ ಹೆಲ್ತ್ ಕನೆಕ್ಟಿನಲ್ಲಿಯೂ ಯಾವ ಮೂಲಕ್ಕೆ ಮೊದಲ ಸ್ಥಾನ ಎಂದು ಗೊತ್ತುಮಾಡುವ ಪಟ್ಟಿಯಿದೆ. ವಾಚನ್ನು ಮೇಲಿಟ್ಟು ಫೋನನ್ನು ಕೆಳಗಿಡಬೇಕು.

ದಿನಕ್ಕೆ 10,000 ಹೆಜ್ಜೆ ಎಂಬ ಮಾತನ್ನೂ ಅತಿಯಾಗಿ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಅದರ ಮೂಲ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರು. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ವಯಸ್ಸಾದ ಹೆಂಗಸರ ಕುರಿತಾದ ಒಂದು ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲಿಯೇ ಸಾವಿನ ಪ್ರಮಾಣ ತೀರಾ ಕಡಿಮೆ ನಡೆಯುವವರಿಗಿಂತ ಕಡಿಮೆಯಿದ್ದುದು ಕಂಡುಬಂತು. 7,500ರ ಸುಮಾರಿಗೆ ಲಾಭ ಒಂದು ಮಟ್ಟಕ್ಕೆ ನಿಂತಿತು.

ಸೇತುವೆ ಯಾರ ಕೃಪೆಯಿಂದ?

ಈ ಸೇತುವೆಗಳೆಲ್ಲ ಕಂಪೆನಿಗಳು ಕಟ್ಟಿದವು. ಮನಸ್ಸು ಬಂದಾಗ ಅವೇ ಮುಚ್ಚಬಲ್ಲವು. ಗೂಗಲ್ ಕಂಪೆನಿಯು 2014ರಲ್ಲಿ ತಂದ ‘ಗೂಗಲ್ ಫಿಟ್’ನ ಸಂಪರ್ಕದ ಬಾಗಿಲನ್ನು 2024ರ ಮೇ ತಿಂಗಳಿಂದ ಹೊಸಬರಿಗೆ ಮುಚ್ಚಿತು. ಓಟಗಾರರೂ ಸೈಕಲ್ಲಿನವರೂ ಬಳಸುವ ‘ಸ್ಟ್ರಾವಾ’ ಆ್ಯಪ್ 2024ರ ನವೆಂಬರಿನಲ್ಲಿ ನಿಯಮ ಬದಲಿಸಿ, ತನ್ನಿಂದ ಪಡೆದ ಲೆಕ್ಕವನ್ನು ಬೇರೆ ಆ್ಯಪುಗಳು ಆಯಾ ಬಳಕೆದಾರರಿಗಲ್ಲದೆ ಇತರರಿಗೆ ತೋರಿಸಬಾರದೆಂದು ವಿಧಿಸಿತು. 2020ರ ಜುಲೈಯಲ್ಲಿ ‘ಗಾರ್ಮಿನ್’ ಕಂಪೆನಿಯ ಕಂಪ್ಯೂಟರುಗಳ ಮೇಲೆ ದುಷ್ಕರ್ಮಿಗಳ ದಾಳಿಯಾಗಿ ಕೆಲವು ದಿನ ಸೇವೆಯೇ ಸ್ತಬ್ಧವಾಯಿತು.

ಮೊಬೈಲಿನ ವಿಷಯದಲ್ಲಿ ನಮಗೆ ಒಂದು ಹಕ್ಕಿದೆ. 2011ರ ಜನವರಿಯಿಂದ ದೇಶದಾದ್ಯಂತ ನಂಬರು ಬದಲಿಸದೆ ಕಂಪೆನಿ ಬದಲಿಸಬಹುದು. ಹೆಜ್ಜೆಯ ಲೆಕ್ಕದ ವಿಷಯದಲ್ಲಿ ಅಂಥ ಹಕ್ಕು ಇಲ್ಲ. ಯುರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು, ತನ್ನ ಮಾಹಿತಿಯನ್ನು ಒಂದು ಕಂಪೆನಿಯಿಂದ ಪಡೆದು ಇನ್ನೊಂದಕ್ಕೆ ಒಯ್ಯುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ನಮ್ಮಲ್ಲಿ 2019ರ ಮಸೂದೆಯಲ್ಲಿ ಇಂಥದೇ ಹಕ್ಕು ಇತ್ತು. 2023ರಲ್ಲಿ ಅಂಗೀಕಾರವಾದ ಕಾನೂನಿನಲ್ಲಿ ಅದು ಕಾಣುವುದಿಲ್ಲ. ಮಾಹಿತಿಯನ್ನು ತಿಳಿಯುವ, ತಿದ್ದಿಸುವ, ಅಳಿಸುವ ಹಕ್ಕುಗಳು ಇವೆ. ಕೈಬಿಟ್ಟ ಆ ಹಕ್ಕನ್ನು ಮತ್ತೆ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇಂದೇ ಮಾಡಬಹುದಾದುದು

ಹಕ್ಕು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಆ್ಯಪಲ್ ಹೆಲ್ತ್, ಸ್ಯಾಮ್‌ಸಂಗ್ ಹೆಲ್ತ್, ಗಾರ್ಮಿನ್ ಇವುಗಳಲ್ಲಿ ನಮ್ಮ ಲೆಕ್ಕವನ್ನೆಲ್ಲ ಕಡತವಾಗಿ ಇಳಿಸಿಕೊಳ್ಳಲು ಅವಕಾಶವಿದೆ. ವರ್ಷಕ್ಕೆರಡು ಸಲವಾದರೂ ಇಳಿಸಿ ಇಟ್ಟುಕೊಳ್ಳಬೇಕು. ಹಳೆಯ ಖಾತೆಯನ್ನು ಅಳಿಸುವ ಮೊದಲಂತೂ ಕಡ್ಡಾಯವಾಗಿ. ಮನೆಯ ಹುಡುಗರಿಗೆ ಇದು ಹತ್ತು ನಿಮಿಷದ ಕೆಲಸ. ಅಪ್ಪನ ಖಾತೆ ಮಗನ ಇಮೇಲಿನಲ್ಲಿದ್ದರೆ ಅದರ ಪಾಸ್‌ವರ್ಡು ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದಿರಲಿ.

ಎಲ್ಲ ವಾಚುಗಳನ್ನೂ ಜೋಡಿಸಿಕೊಡುತ್ತೇವೆಂದು ಹೇಳುವ ಹೊರಗಿನ ಆ್ಯಪುಗಳಿವೆ. ಕೆಲವು ಒಳ್ಳೆಯವೇ. ಆದರೆ ವಾಚಿನ ಖಾತೆಯ ಪಾಸ್‌ವರ್ಡನ್ನೇ ಕೇಳುವವುಗಳಿಂದ ದೂರವಿರುವುದು ಕ್ಷೇಮ. ನಡೆದ ದಾರಿಯ ನಕ್ಷೆಯನ್ನು ಊರಿಗೆಲ್ಲ ತೋರಿಸುವುದೂ ಬೇಡ. ಸ್ಟ್ರಾವಾ ಪ್ರಕಟಿಸಿದ ನಕ್ಷೆಯಿಂದ ಸೈನಿಕ ನೆಲೆಗಳ ಗುಟ್ಟು ಬಯಲಾದುದು 2018ರ ಜನವರಿಯಲ್ಲಿ ಲೋಕಕ್ಕೇ ತಿಳಿಯಿತು. ನಮ್ಮ ಮನೆಯ ಹೆಂಗಸರು ಬೆಳಿಗ್ಗೆ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಹೋಗುತ್ತಾರೆಂಬುದು ಅಪರಿಚಿತರಿಗೆ ತಿಳಿಯಬೇಕಾದ ಸಂಗತಿಯಲ್ಲ.

ಕೊನೆಯದಾಗಿ, ಯಾವ ಕಂಪೆನಿಯ ಬೀಗವೂ ಬೇಡದ ಒಂದು ಉಪಾಯವಿದೆ. ತಿಂಗಳ ಕೊನೆಗೆ ಸರಾಸರಿ ಹೆಜ್ಜೆ, ವಿಶ್ರಾಂತಿಯಲ್ಲಿರುವಾಗಿನ ನಾಡಿ, ತೂಕ, ಕಟ್ಟಿಕೊಂಡ ವಾಚಿನ ಹೆಸರು, ಈ ನಾಲ್ಕನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು. ವರ್ಷಕ್ಕೆ ಹನ್ನೆರಡೇ ಸಾಲು. ಡಾಕ್ಟರರಿಗೆ ತೋರಿಸಲು ಅದು ಸಾಕು. ಚಿಕಿತ್ಸೆಯ ಕುರಿತಾದ ತೀರ್ಮಾನ ಹೇಗೂ ವಾಚಿನದಲ್ಲ, ಅವರದು. ಕಂಬಂನವರು ಅದನ್ನು ತಮಿಳು ಅಕ್ಷರದಲ್ಲಿ ಬರೆದಾರು, ನಾವು ಕನ್ನಡದಲ್ಲಿ ಬರೆದೇವು. ಹೇಗೆ ಬರೆದರೂ ಆ ಪುಸ್ತಕ ಮನೆಯ ಕಪಾಟಿನಲ್ಲಿಯೇ ಇರುತ್ತದೆ, ವಾಚು ಬದಲಾದಾಗ ಅದು ಬದಲಾಗುವುದಿಲ್ಲ.