ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೆ ಬಿಸಿಲಿನ ಕಾವಲು



ಸುಗ್ಗಿ ಮುಗಿದ ಮೇಲೆ ಮಳೆಯಾಶ್ರಿತ ಊರುಗಳಲ್ಲಿ ಟ್ರ್ಯಾಕ್ಟರು ಎರಡು ಮೂರು ತಿಂಗಳು ಚಪ್ಪರದಡಿ ನಿಂತುಬಿಡುತ್ತದೆ. ಮೊದಲ ಮಳೆ ಬಿದ್ದ ಮರುದಿನ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ದನದ ಡಾಕ್ಟರಿಗೆ ಬ್ಯಾಟರಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ, ಮುಂದೆ ಹೇಳುತ್ತೇನೆ.

ಬ್ಯಾಟರಿಯನ್ನು ಬಳಸದಿದ್ದರೂ ಅದು ತಾನಾಗಿಯೇ ಚಾರ್ಜ್ ಕಳೆದುಕೊಳ್ಳುತ್ತದೆ. ತಿಂಗಳಿಗೆ ನೂರಕ್ಕೆ 5 ರಿಂದ 10 ರಷ್ಟು ಎಂದಿಟ್ಟುಕೊಳ್ಳಿ. ಸೆಕೆ ಏರಿದಂತೆ, ಬ್ಯಾಟರಿ ಹಳೆಯದಾದಂತೆ ಇನ್ನೂ ಹೆಚ್ಚು. ಹೀಗೆ ಇಳಿದದ್ದನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿಸಿದರೂ ಮೊದಲಿನ ಕಸುವು ಬಾರದು. ತುಂಬಿದ 12 ವೋಲ್ಟ್ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ನಂತರ ಮೀಟರಿನಲ್ಲಿ 12.6 ರಿಂದ 12.7 ತೋರಿಸಬೇಕು. 12.4 ಕ್ಕೆ ಇಳಿದರೆ ಚಾರ್ಜ್ ಮಾಡುವ ಹೊತ್ತು ಬಂತು. 12 ಕ್ಕೆ ಬಂದರೆ ಬಹುಪಾಲು ಖಾಲಿ.

ಇದಕ್ಕೆ 10 ವ್ಯಾಟಿನ ಒಂದು ಪುಟ್ಟ ಸೋಲಾರ್ ಪ್ಯಾನೆಲ್ ಸಾಕು. ಲೆಕ್ಕ ನೋಡಿ: 80 ಆಂಪಿಯರ್-ಅವರ್ ಬ್ಯಾಟರಿ ತಿಂಗಳಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ 8. ಈ ಪ್ಯಾನೆಲ್ ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಎರಡರಷ್ಟು ಕೊಡುತ್ತದೆ. ಆದರೆ ಪೂರಾ ಇಳಿದ ಬ್ಯಾಟರಿಯನ್ನು ಮೊದಲು ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತನ್ನಿ.

ಚಾರ್ಜ್ ಕಂಟ್ರೋಲರ್ ಇಲ್ಲದೆ ಪ್ಯಾನೆಲನ್ನು ನೇರವಾಗಿ ಜೋಡಿಸಬೇಡಿ. ‘12 ವೋಲ್ಟ್’ ಎಂದು ಬರೆದಿದ್ದರೂ ಪ್ಯಾನೆಲ್ ಬಿಸಿಲಿನಲ್ಲಿ 20 ವೋಲ್ಟಿಗೂ ಮೇಲೇರಬಲ್ಲದು. ತಿಂಗಳುಗಟ್ಟಲೆ ಹೀಗೆ ನಡೆದರೆ ಬ್ಯಾಟರಿಯ ನೀರು ಆರಿಹೋಗುತ್ತದೆ. ಕಂಟ್ರೋಲರ್ ಅದನ್ನು 13.6 ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ರಾತ್ರಿ ಚಾರ್ಜ್ ಹಿಂದಕ್ಕೆ ಹರಿಯದಂತೆಯೂ ತಡೆಯುತ್ತದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಿ. ಬಿಚ್ಚುವಾಗ ಇದರ ತಿರುವುಮುರುವು. ಬ್ಯಾಟರಿಯ ತಂತಿಗೆ ಒಂದು ಫ್ಯೂಸ್ ಇರಲಿ. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ, ಸುಮಾರು 15 ಡಿಗ್ರಿ ವಾಲಿರಲಿ. ಹೊಟ್ಟಿನ ಧೂಳು ಕೂತರೆ ಒರೆಸಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಬೇಡ. ಆಗ ಬೀಡಿ ದೂರವಿರಲಿ, ಹೊರಬರುವ ಗಾಳಿಗೆ ಬೆಂಕಿ ಹತ್ತುತ್ತದೆ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗಳಿಗೆ ಹೊಂದುವುದಿಲ್ಲ.

ಆದರೆ ಬಿಚ್ಚಿದ ಬ್ಯಾಟರಿಯನ್ನು ಎಲ್ಲಿಡುತ್ತೀರಿ? ನಮ್ಮಲ್ಲಿ ಅನೇಕರು ಕೊಟ್ಟಿಗೆಯ ಮೂಲೆಯಲ್ಲಿಡುತ್ತಾರೆ. ಸತ್ತ ಬ್ಯಾಟರಿಯಂತೂ ಗೋದಲಿಯ ಪಕ್ಕದಲ್ಲೇ ವರ್ಷಗಟ್ಟಲೆ ಬಿದ್ದಿರುತ್ತದೆ. ದನಗಳಿಗೆ, ಅದರಲ್ಲೂ ಕರುಗಳಿಗೆ, ಸಿಕ್ಕಿದ್ದನ್ನು ನೆಕ್ಕುವ ಚಾಳಿ. ಒಡೆದ ಬ್ಯಾಟರಿಯನ್ನು ನೆಕ್ಕಿದರೆ ಸೀಸದ ವಿಷವೇರುತ್ತದೆ. ಕಣ್ಣು ಕಾಣದಾಗುವುದು, ತೂರಾಡುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಜೊಲ್ಲು, ಸೆಳವು ಇದರ ಲಕ್ಷಣಗಳು. ಕರು ಒಂದೆರಡು ದಿನದಲ್ಲೇ ಸಾಯಬಹುದು. ಹುಚ್ಚುನಾಯಿ ಕಡಿದಾಗಲೂ ಕೆಲವು ಲಕ್ಷಣಗಳು ಹೀಗೆಯೇ ಇರುವುದರಿಂದ ಬಾಯಿಗೆ ಕೈ ಹಾಕಬೇಡಿ. ಕೂಡಲೇ ಪಶುವೈದ್ಯರನ್ನು ಕರೆಸಿ, ಬ್ಯಾಟರಿ ಬಿದ್ದಿತ್ತೆಂಬುದನ್ನು ಮರೆಯದೆ ಹೇಳಿ. ಔಷಧವಿದೆ, ಆದರೆ ತಡವಾದರೆ ಫಲ ಕಡಿಮೆ. ಬದುಕಿದ ಹಸುವಿನ ಹಾಲಿನಲ್ಲೂ ಸೀಸ ಬರುತ್ತದೆ. ವೈದ್ಯರು ಒಪ್ಪುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.

ಬ್ಯಾಟರಿಯನ್ನು ಗಾಳಿಯಾಡುವ, ದನ ಮತ್ತು ಮಕ್ಕಳಿಗೆ ಎಟುಕದ ಎತ್ತರದ ಹಲಗೆಯ ಮೇಲಿಡಿ. ಹಳೆಯದನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ, ಅದಕ್ಕೆ ಬೆಲೆಯೂ ಸಿಗುತ್ತದೆ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ವ್ಯವಸ್ಥೆಗೆ 2022 ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಇವೆ. ಒಡೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಸುಡಲೂಬೇಡಿ. ಸೀಸ ಬೂದಿಯಲ್ಲಿ ಉಳಿದು ಗೊಬ್ಬರದೊಂದಿಗೆ ಮೇವಿನ ಹೊಲ ಸೇರುತ್ತದೆ.