ಹನ್ನೊಂದನೇ ನಿಲ್ದಾಣಕ್ಕೆ ಅಮ್ಮ ಒಬ್ಬರೇ

ಉಡುಪಿಯಲ್ಲಿ ನಮ್ಮ ಮನೆ ಪಕ್ಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಕೊಚ್ಚಿಯ ಎಡಪ್ಪಳ್ಳಿಗೂ ಬರುತ್ತದೆ. ಇಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಅದೇ ಒಂದು ಸಮಾಧಾನ. ಆದರೆ ಅಮ್ಮ ಬಂದಾಗ ಅದೇ ಹೆದ್ದಾರಿಯ ವಾಹನ ದಟ್ಟಣೆ ಅವರನ್ನು ಫ್ಲ್ಯಾಟಿನಲ್ಲೇ ಕೂರಿಸಿಬಿಟ್ಟಿತು. ಮೊಣಕಾಲು ನೋವು, ರಸ್ತೆ ದಾಟಲೂ ಭಯ, ಬಸ್ಸಿನ ಮೆಟ್ಟಿಲು ಹತ್ತಲೂ ಭಯ. ಹತ್ತೇ ದಿನಕ್ಕೆ ‘ಊರಿಗೆ ಟಿಕೆಟ್ ಮಾಡು ಮಗಾ’ ಎಂದರು.

ಆ ಭಾನುವಾರ ಒತ್ತಾಯ ಮಾಡಿ ಮೆಟ್ರೊ ಹತ್ತಿಸಿದೆ. ಹನ್ನೊಂದನೇ ನಿಲ್ದಾಣ ವೈಟ್ಟಿಲ. ಬೈಪಾಸ್ ರಸ್ತೆಯಲ್ಲಿ ಹೋದರೆ ನೇರ ದಾರಿ. ಮೆಟ್ರೊ ಪೇಟೆಯನ್ನೆಲ್ಲ ಸುತ್ತಿ ಬರುತ್ತದೆ. ಆದರೆ ಲಿಫ್ಟ್ ಇದೆ, ಕೂರಲು ಜಾಗ ಇದೆ. ಅಮ್ಮನಿಗೆ ಬೇಕಿದ್ದದ್ದು ಅಷ್ಟೇ.

ವೈಟ್ಟಿಲ ಮೊಬಿಲಿಟಿ ಹಬ್‌ನ ಬಸ್ ನಿಲ್ದಾಣ ಶುರುವಾದದ್ದು 2011ರಲ್ಲಿ. 2019ರಲ್ಲಿ ಅದರ ಪಕ್ಕಕ್ಕೇ ಮೆಟ್ರೊ ಬಂತು, 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೊ. ಈಗ ಬಸ್ಸು, ರೈಲು, ದೋಣಿ ಮೂರೂ ಹತ್ತಿರ ಹತ್ತಿರ. ಒಂದರಿಂದ ಇಳಿದು ಇನ್ನೊಂದಕ್ಕೆ ಹೋಗಲು ಆಟೊ ಬೇಡ.

ದೋಣಿ ಎಂದೊಡನೆ ಅಮ್ಮ ಹಿಂದೇಟು ಹಾಕಿದರು. ಚಿಕ್ಕಂದಿನಲ್ಲಿ ಹೊಳೆ ದಾಟುವಾಗ ಅಲುಗಾಡುವ ದೋಣಿಗೆ ಕಾಲಿಟ್ಟ ನೆನಪು. ಇಲ್ಲಿನ ಜೆಟ್ಟಿಯೇ ನೀರಿನ ಮೇಲೆ ತೇಲುತ್ತದೆ. ಉಬ್ಬರವಿರಲಿ ಇಳಿತವಿರಲಿ, ದೋಣಿಯ ಜೊತೆಗೇ ಏರಿ ಇಳಿಯುವುದರಿಂದ ಎರಡೂ ಸಮಮಟ್ಟ. ಗಾಲಿಕುರ್ಚಿಯೂ ಸಲೀಸಾಗಿ ಹೋಗುತ್ತದೆ. ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲೇ ತಯಾರಾದ ಬ್ಯಾಟರಿ ದೋಣಿ, 100 ಜನ ಹಿಡಿಸುತ್ತದೆ. ಡೀಸೆಲ್ ವಾಸನೆಯಿಲ್ಲ, ಗಡಗಡ ಸದ್ದಿಲ್ಲ. ಕಾಕ್ಕನಾಡ್‌ವರೆಗೂ ಅಮ್ಮ ಕಿಟಕಿ ಬಿಟ್ಟು ಕಣ್ಣು ತೆಗೆಯಲಿಲ್ಲ.

ಬುಧವಾರ ಆಫೀಸಿನಲ್ಲಿದ್ದಾಗ ಫೋನು ಬಂತು. ‘ವೈಟ್ಟಿಲದಲ್ಲಿದ್ದೇನೆ. ಬೋರ್ಡು ಓದಲು ಬರಲಿಲ್ಲ, ನಿಲ್ದಾಣ ಎಣಿಸಿಕೊಂಡು ಬಂದೆ. ಹನ್ನೊಂದು.’ ನನಗೆ ಮಾತೇ ಹೊರಡಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಎಲ್ಲಿಗೂ ಹೋದವರಲ್ಲ.

ಸಂಜೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮಲ್ಲಿ ರೈಲು ಇಂದ್ರಾಳಿಯಲ್ಲಿ, ಬಸ್ಸು ಪೇಟೆಯಲ್ಲಿ. ಹೀಗೆ ಒಟ್ಟಿಗೆ ಯಾಕೆ ಮಾಡಲಿಲ್ಲ?’

ನಿಲ್ದಾಣ ಎಷ್ಟು ದೊಡ್ಡದು ಎಂದು ನಾವು ನೋಡುತ್ತೇವೆ. ಎರಡು ನಿಲ್ದಾಣಗಳ ನಡುವೆ ಎಷ್ಟು ಹೆಜ್ಜೆ ಎಂದು ನೋಡುವುದು ಮೊಣಕಾಲು ನೋವಿದ್ದವರು ಮಾತ್ರ. ಯೋಜನೆಯ ನಕ್ಷೆ ಬಿಡಿಸುವವರೂ ಆ ಹೆಜ್ಜೆ ಎಣಿಸಬೇಕು.

ಊರಿನ ಟಿಕೆಟ್ ಮಾತು ಆಮೇಲೆ ಒಂದು ತಿಂಗಳು ಬರಲಿಲ್ಲ.